ಐರನ್ ಮೇಡನ್ ಮತ್ತು ಉಳ್ಳಾರ್ತಿಯ ಉರುಮೆ

ಕಳೆದ ವರ್ಷದ ಫೆಸ್ಟ್ ನೆನಪಿದೆಯಲ್ಲ? ಬ್ಯಾಂಡ್ ಸ್ಪರ್ಧೆಯಲ್ಲಿ ಏಳು ತಂಡ ಇದ್ವು. ಏಳರಲ್ಲಿ ಐದು ತಂಡ ಬರೀ ಇಂಗ್ಲಿಷ್ ಕವರ್, ಎರಡು ತಂಡ ಹಿಂದಿ. ಕನ್ನಡದ್ದು ಒಂದೂ ಇರಲಿಲ್ಲ. "ಕನ್ನಡದೋರು ಯಾರೂ ಹೆಸರು ಕೊಡ್ಲಿಲ್ಲ ಅನ್ಸುತ್ತೆ" ಅಂತ ನೀವು ಅಂದುಕೊಂಡಿರಬಹುದು. ಒಂದು ತಂಡ ಕೊಟ್ಟಿತ್ತು. ಅದು ವೇದಿಕೆ ಯಾಕೆ ಹತ್ತಲಿಲ್ಲ ಅನ್ನೋದನ್ನ ಈ ಸಂಚಿಕೆಯಲ್ಲಿ ಹೇಳಲೇಬೇಕು. ಯಾಕಂದ್ರೆ ಅದರಲ್ಲಿ ಅರ್ಧ ತಪ್ಪು ಫೆಸ್ಟ್ ಕಮಿಟಿಯದ್ದು, ಇನ್ನರ್ಧ ನಮ್ಮದೇ, ಅಂದ್ರೆ ಕನ್ನಡ ಸಂಘದ್ದು.

ಆ ತಂಡದಲ್ಲಿ ಬೇಸ್ ಗಿಟಾರ್ ನುಡಿಸೋನು ಮೆಕ್ಯಾನಿಕಲ್ ಆರನೇ ಸೆಮ್ ಹುಡುಗ. ಊರು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ. ಹಾಸ್ಟೆಲ್‌ನಲ್ಲಿ ಎಲ್ಲರೂ ಕರೆಯೋದು "ಉಳ್ಳಾರ್ತಿ" ಅಂತಲೇ; ಇಲ್ಲೂ ಹಾಗೇ ಕರೀತೀವಿ. ಅವನ ಕಿವಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಐರನ್ ಮೇಡನ್. ಆದ್ರೆ ತಂಡ ಹಾಡಬೇಕು ಅಂತಿದ್ದದ್ದು ಅವನೇ ಬರೆದ ಕನ್ನಡ ಹಾಡು, ಡ್ರಮ್ಸ್ ಜೊತೆಗೆ ಊರಿಂದ ತಂದ ಉರುಮೆ ಇಟ್ಟುಕೊಂಡು. ಅರ್ಜಿಯಲ್ಲಿ "ಭಾಷೆ" ಅಂತ ಒಂದು ಕಾಲಂ, ಅದರ ಕೆಳಗೆ ಎರಡೇ ಆಯ್ಕೆ: ಇಂಗ್ಲಿಷ್, ಹಿಂದಿ. ಕೇಳಿದ್ದಕ್ಕೆ ಸಿಕ್ಕ ಉತ್ತರ: "ಉರುಮೆ ಇದ್ರೆ ಫೋಕ್ ವಿಭಾಗಕ್ಕೆ ಕೊಡಿ, ಇದು ರಾಕ್ ಸ್ಪರ್ಧೆ." ಫೋಕ್ ವಿಭಾಗದವರು ಹೇಳಿದ್ದು: "ಎಲೆಕ್ಟ್ರಿಕ್ ಗಿಟಾರ್ ಇದ್ರೆ ಇಲ್ಲಿ ನಡೆಯಲ್ಲ." ಅಲ್ಲಿಗೆ ಮುಗೀತು.

ರಾಕ್ ಅಂದ್ರೆ ಇಂಗ್ಲಿಷ್, ಕನ್ನಡ ಅಂದ್ರೆ ಫೋಕ್ ಅನ್ನೋ ಈ ಲೆಕ್ಕ ಎಷ್ಟು ಸರಿ ಅಂತ ನೋಡೋಕೆ ಉಳ್ಳಾರ್ತಿಯ ಪ್ರೀತಿಯ ಬ್ಯಾಂಡಿನ ಕಥೆಯೇ ಸಾಕು.

ನಕ್ಷೆ ಬರೆಯೋನು ಕಟ್ಟಿದ ಬ್ಯಾಂಡು

ಐರನ್ ಮೇಡನ್ ಹುಟ್ಟಿದ್ದು 1975ರ ಡಿಸೆಂಬರ್ 25ರಂದು, ಪೂರ್ವ ಲಂಡನ್ನಿನ ಲೇಟನ್‌ನಲ್ಲಿ. ಕಟ್ಟಿದವನು ಸ್ಟೀವ್ ಹ್ಯಾರಿಸ್, ಬೇಸ್ ಗಿಟಾರ್ ವಾದಕ. ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದ ಕೆಲಸ ಕಟ್ಟಡದ ನಕ್ಷೆ ಬರೆಯೋದು, ಡ್ರಾಫ್ಟ್ಸ್‌ಮನ್. ಸಿವಿಲ್‌ನವರು ಖುಷಿಪಡಬಹುದು. ಅದಕ್ಕೂ ಮುಂಚೆ ಅವನು ಸ್ಮೈಲರ್ ಅನ್ನೋ ಬ್ಯಾಂಡಿನಲ್ಲಿದ್ದ. ಅಲ್ಲಿ ತಾನು ಬರೆದ ಹಾಡು ತೋರಿಸಿದಾಗ "ತುಂಬಾ ಕಷ್ಟ ಐತೆ, ತಾಳ ಬಹಳ ಬದಲಾಗುತ್ತೆ" ಅಂತ ಪಕ್ಕಕ್ಕಿಟ್ಟರು. ಸ್ವಂತ ಹಾಡಿಗೆ ಜಾಗ ಇಲ್ಲ ಅಂದಮೇಲೆ ಹ್ಯಾರಿಸ್ ಆಚೆ ಬಂದು ಸ್ವಂತ ಬ್ಯಾಂಡ್ ಕಟ್ಟಿದ. ಐವತ್ತು ವರ್ಷದ ಕಥೆ ಶುರುವಾದದ್ದು ಹೀಗೆ.

ಮುಂದಿನ ನಾಲ್ಕೈದು ವರ್ಷ ಪಬ್ಬುಗಳಲ್ಲೇ ಹಾಡಿದ್ರು. ಗಾಯಕರು, ಗಿಟಾರ್‌ನವರು, ಡ್ರಮ್ಮರ್‌ಗಳು ಬರೋದು ಹೋಗೋದು ನಡೆದೇ ಇತ್ತು. ಆಗ ಲಂಡನ್ ತುಂಬಾ ಪಂಕ್ ಗಾಳಿ. ಉದ್ದ ಕೂದಲು, ಉದ್ದ ಹಾಡು, ಜೋಡಿ ಗಿಟಾರ್ ಇವೆಲ್ಲ ಹಳೇ ಕಾಲದ್ದು ಅನ್ನಿಸಿದ್ದ ಹೊತ್ತು. 1978ರ ಕೊನೆಯ ಎರಡು ದಿನ ಸ್ಟುಡಿಯೋ ಹಿಡಿದು ನಾಲ್ಕು ಹಾಡು ರೆಕಾರ್ಡ್ ಮಾಡಿದ್ರು. ಮರುವರ್ಷ ಅದರಲ್ಲಿ ಮೂರನ್ನು ತಾವೇ ಡಿಸ್ಕ್ ಮಾಡಿಸಿ 5,000 ಪ್ರತಿ ತಂದ್ರು. ಅದು ಖಾಲಿಯಾಯ್ತು. ಆಮೇಲೆ ದೊಡ್ಡ ಕಂಪನಿ ಬಂತು. 1980ರಲ್ಲಿ ಮೊದಲ ಆಲ್ಬಂ. 1981ರಲ್ಲಿ ಹಳೇ ಗಾಯಕ ಹೋಗಿ ಬ್ರೂಸ್ ಡಿಕಿನ್ಸನ್ ಬಂದ. 1982ರ 'ದ ನಂಬರ್ ಆಫ್ ದ ಬೀಸ್ಟ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು.

ಬೀಳುವ ಕಾಲವೂ ಬಂತು. 1993ರಲ್ಲಿ ಡಿಕಿನ್ಸನ್ ಬ್ಯಾಂಡ್ ಬಿಟ್ಟ. ಬೇರೆ ಗಾಯಕನನ್ನ ಇಟ್ಟುಕೊಂಡು ಎರಡು ಆಲ್ಬಂ ಮಾಡಿದ್ರು, ಮಾರಾಟ ಕುಸಿಯಿತು, ಸಭಾಂಗಣಗಳು ಸಣ್ಣದಾದವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸಾಲುಸಾಲು ಬ್ಯಾಕ್‌ಲಾಗ್. ಹಾಗಂತ ಬೋರ್ಡ್ ತಿರುಗಿಸಲಿಲ್ಲ. 1999ರಲ್ಲಿ ಡಿಕಿನ್ಸನ್ ವಾಪಸ್ ಬಂದ, ಜೊತೆಗೆ ಹಿಂದೆ ಬಿಟ್ಟುಹೋಗಿದ್ದ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಕೂಡ. ಇದ್ದವನನ್ನ ತೆಗೆಯಲಿಲ್ಲ, ಅಂದಿನಿಂದ ಮೂರು ಗಿಟಾರ್. 2021ರ ಹೊತ್ತಿಗೆ ಹದಿನೇಳು ಸ್ಟುಡಿಯೋ ಆಲ್ಬಂ. 1982ರಿಂದ ಡ್ರಮ್ಸ್ ನುಡಿಸುತ್ತಿದ್ದ ನಿಕೊ ಮೆಕ್‌ಬ್ರೇನ್ 2024ರ ಡಿಸೆಂಬರಿನಲ್ಲಿ ಪ್ರವಾಸಗಳಿಂದ ನಿವೃತ್ತನಾದ. ಮರುವರ್ಷ ಬ್ಯಾಂಡ್ ಐವತ್ತನೇ ವರ್ಷದ ಪ್ರವಾಸ ಹೊರಟಿತು.

ಡಿಕಿನ್ಸನ್ ಹಾಡೋದರ ಜೊತೆಗೆ ವಿಮಾನದ ಪೈಲಟ್ ಕೂಡ. 2008ರ ಪ್ರವಾಸದಲ್ಲಿ ಬ್ಯಾಂಡು, ಕೆಲಸಗಾರರು, ಸಾಮಾನು ಎಲ್ಲಾ ತುಂಬಿದ ಬೋಯಿಂಗ್ 757 ಅನ್ನು ಅವನೇ ಓಡಿಸಿದ. ಆ ಪ್ರವಾಸದ ಮೊದಲ ಕಾರ್ಯಕ್ರಮ ನಡೆದದ್ದು ಮುಂಬಯಿಯಲ್ಲಿ.

ಅವರು ಹಾಡಿದ್ದು ಯಾರದ್ದು?

ಈ ಬ್ಯಾಂಡ್ ಐವತ್ತು ವರ್ಷ ಏನನ್ನು ಹಾಡಿತು ಅಂತ ನೋಡಿ. 1984ರ 'ಪವರ್‌ಸ್ಲೇವ್' ಆಲ್ಬಮ್ಮಿನಲ್ಲಿ ಹದಿಮೂರು ನಿಮಿಷಕ್ಕೂ ಉದ್ದದ ಒಂದು ಹಾಡಿದೆ. ಅದು ಕವಿ ಕೋಲ್‌ರಿಡ್ಜ್ 1798ರಲ್ಲಿ ಪ್ರಕಟಿಸಿದ ಮುದಿ ನಾವಿಕನ ಕಥನಕವನ. ನಮ್ಮಲ್ಲಿ ಬಿ.ಎ. ಇಂಗ್ಲಿಷ್‌ನವರು ಪರೀಕ್ಷೆಗೆ ಓದೋ ಪದ್ಯ. ಅದನ್ನ ಮೆಟಲ್ ಮಾಡಿ ಕ್ರೀಡಾಂಗಣದಲ್ಲಿ ಹಾಡಿದ್ರು, ಜನ ಜೊತೆಗೆ ಹಾಡಿದ್ರು. 2015ರ 'ದ ಬುಕ್ ಆಫ್ ಸೋಲ್ಸ್'ನಲ್ಲಿ ಹದಿನೆಂಟು ನಿಮಿಷದ ಹಾಡೊಂದಿದೆ, ಆರ್101 ಅನ್ನೋ ವಾಯುನೌಕೆಯ ಬಗ್ಗೆ. ಸಾಕಷ್ಟು ಪರೀಕ್ಷೆ ಮಾಡದೆ ಅವಸರದಲ್ಲಿ ಹೊರಡಿಸಿದ ಆ ನೌಕೆ 1930ರ ಅಕ್ಟೋಬರ್ 5ರಂದು ಫ್ರಾನ್ಸಿನಲ್ಲಿ ಬಿದ್ದು ಸುಟ್ಟುಹೋಯ್ತು. 54 ಜನರಲ್ಲಿ 48 ಜನ ಸತ್ತರು. ಅದು ಹೊರಟಿದ್ದದ್ದು ಕರಾಚಿಗೆ, ಅಂದ್ರೆ ಆಗಿನ ಇಂಡಿಯಾಕ್ಕೆ. ನಮಗೆ ಎಥಿಕ್ಸ್ ಪೇಪರಿನಲ್ಲಿ ಬರಬೇಕಾದ ಪಾಠ ಅದು. ಅವರ ಹಾಡಿನಲ್ಲಿ ಬಂತು.

ಅಂದ್ರೆ ಅವರು ಹಾಡಿದ್ದು ತಮ್ಮ ಭಾಷೆಯ ಹಳೇ ಪದ್ಯ, ತಮ್ಮ ದೇಶದ ಯುದ್ಧ, ತಮ್ಮ ಊರಿನವರ ಸೋಲು. ಅದು ಅವರ "ಫೋಕ್". ಅದನ್ನ ಯಾರೂ ಬೇರೆ ವಿಭಾಗಕ್ಕೆ ಕಳಿಸಲಿಲ್ಲ.

ನಾವು ಕವರ್ ಹಾಡೋರ ವಿರೋಧಿಗಳಲ್ಲ. ಬೀಟಲ್ಸ್ ಕೂಡ 1960ರಿಂದ ಎರಡು ವರ್ಷ ಜರ್ಮನಿಯ ಹ್ಯಾಂಬರ್ಗ್ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಅಮೆರಿಕದವರ ಹಾಡುಗಳನ್ನೇ ಹಾಡಿ ಕೈ ಪಳಗಿಸಿಕೊಂಡದ್ದು. ರೋಲಿಂಗ್ ಸ್ಟೋನ್ಸ್ ಹೆಸರೇ ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ನ ಹಾಡಿನಿಂದ ಬಂದದ್ದು. ಕವರ್ ಅನ್ನೋದು ಲ್ಯಾಬ್ ಇದ್ದ ಹಾಗೆ. ಮ್ಯಾನುಯಲ್ ನೋಡಿಕೊಂಡು ಮಾಡಿ ಕಲೀಬೇಕು. ಆದ್ರೆ ನಾಲ್ಕು ವರ್ಷ ಮ್ಯಾನುಯಲ್ಲೇ ಮಾಡಿ ಪ್ರಾಜೆಕ್ಟ್ ಮಾಡದೆ ಡಿಗ್ರಿ ಕೇಳಿದ್ರೆ ಯಾರು ಕೊಡ್ತಾರೆ? ನಮ್ಮ ಫೆಸ್ಟ್ ವರ್ಷ ವರ್ಷ ಮ್ಯಾನುಯಲ್‌ಗೇ ಬಹುಮಾನ ಕೊಡ್ತಿದೆ.

ಉಳ್ಳಾರ್ತಿಯಲ್ಲಿ ಒಂದು ರಾತ್ರಿ

ಸೆಮಿಸ್ಟರ್ ರಜೆಯಲ್ಲಿ ಸಂಘದ ನಾಲ್ಕು ಜನ ಉಳ್ಳಾರ್ತಿಯ ಊರಿಗೆ ಹೋಗಿದ್ವಿ. ಸಂಜೆ ಮನೆ ಮುಂದಿನ ಜಗಲಿ ಮೇಲೆ ಕೂತಾಗ ಉರುಮೆ ನುಡಿಸೋ ಹಿರಿಯರೊಬ್ಬರು ಬಂದ್ರು. ಉರುಮೆ ನೋಡದವರಿಗೆ ಒಂದು ಮಾತು: ಎರಡೂ ಕಡೆ ಚರ್ಮ ಕಟ್ಟಿದ, ನಡು ಸಣ್ಣಗಿರುವ ವಾದ್ಯ. ಒಂದು ಕಡೆ ಕೋಲಿಂದ ಹೊಡೀತಾರೆ. ಇನ್ನೊಂದು ಕಡೆ ಬಾಗಿದ ಕೋಲನ್ನು ಚರ್ಮದ ಮೇಲೆ ಉಜ್ಜುತ್ತಾರೆ. ಆಗ "ಗುಂಯ್" ಅಂತ ಒಂದು ದನಿ ಬರುತ್ತೆ, ಎದೆಯೊಳಗೆ ಯಾರೋ ಎಳೆದ ಹಾಗೆ. ಮಾರಮ್ಮನ ಜಾತ್ರೆಗಳಲ್ಲಿ, ದೇವರ ಹಬ್ಬಗಳಲ್ಲಿ ಆ ಕಡೆ ಇದು ಬೇಕೇ ಬೇಕು.

ನಮ್ಮ ಹುಡುಗ ಮೊಬೈಲಿನಲ್ಲಿ ಮೇಡನ್ ಹಾಕಿದ. ಹ್ಯಾರಿಸ್‌ನ ಬೇಸ್ ಗಿಟಾರಿಗೆ ಒಂದು ಖ್ಯಾತ ಓಟ ಇದೆ, ಕುದುರೆ ಕೆನೆದು ಓಡಿದ ಹಾಗೆ: ಡು-ಡುಗು, ಡು-ಡುಗು. ಹಿರಿಯರು ಒಂದು ನಿಮಿಷ ಕೇಳಿದ್ರು. ಆಮೇಲೆ ಕೋಲು ಎತ್ತಿಕೊಂಡು ಅದರ ಮೇಲೇ ನುಡಿಸತೊಡಗಿದರು. ಎರಡು ಸುತ್ತಿನಲ್ಲಿ ತಾಳ ಕೂತುಬಿಡ್ತು. "ಯಾರಪ್ಪಾ ಇವ್ರು? ಯಾವೂರೋರು?" ಅಂದ್ರು. "ಲಂಡನ್ನಿನವ್ರು ತಾತ" ಅಂದ ನಮ್ಮ ಹುಡುಗ. "ಅಲ್ಲೂ ಜಾತ್ರೆ ಮಾಡ್ತಾರೇನು, ಇರ್ಲಿ ಬಿಡು, ಚೆನ್ನಾಗೈತೆ" ಅಂದು ಬೀಡಿ ಹಚ್ಚಿಕೊಂಡ್ರು. ರಾಕ್ ಬೇರೆ ಫೋಕ್ ಬೇರೆ ಅಂತ ಆ ತಾತನಿಗೆ ಯಾರೂ ಹೇಳಿರಲಿಲ್ಲ.

ಹಾಡಿಗೆ ಬಡತನ ಇರೋ ಸೀಮೆಯೂ ಅಲ್ಲ ಅದು. ಇದೇ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನ ನೆನಪಿನಲ್ಲೇ ಇಟ್ಟುಕೊಂಡಿದ್ದವರು. ಶಾಲೆಯ ಮೆಟ್ಟಿಲು ಹತ್ತದ ಆ ಅಜ್ಜಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅವರ ಹಾಡುಗಳನ್ನ ಕೃಷ್ಣಮೂರ್ತಿ ಹನೂರು ಸಂಗ್ರಹಿಸಿ ಪುಸ್ತಕ ಮಾಡಿದ್ರು. ಕಾಡುಗೊಲ್ಲರು ಗಣೆ ಅನ್ನೋ ಉದ್ದನೆಯ ಬಿದಿರಿನ ಕೊಳಲು ಊದಿಕೊಂಡು ದನಗಾಹಿ ವೀರ ಜುಂಜಪ್ಪನ ಕಥೆಯನ್ನ ರಾತ್ರಿಯಿಡೀ ಹಾಡ್ತಾರೆ. ಕೋಲ್‌ರಿಡ್ಜ್‌ನ ನಾವಿಕನಿಗೆ ಹದಿಮೂರು ನಿಮಿಷ ಉದ್ದ ಆಯ್ತು ಅಂದುಕೊಳ್ಳೋರು ಒಮ್ಮೆ ಅಲ್ಲಿ ಕೂತು ಕೇಳಬೇಕು.

ಮರುದಿನ ಬೆಳಿಗ್ಗೆ ಊರಾಚೆ ಕಾವಲಿನ ಕಡೆ ಹೋದ್ವಿ. ಅಮೃತಮಹಲ್ ಕಾವಲು ಅಂದ್ರೆ ಮೈಸೂರು ಅರಸರ ಕಾಲದಿಂದ ದನ ಮೇಯಿಸೋಕೆ ಬಿಟ್ಟ ಹುಲ್ಲುಗಾವಲು. ಸುತ್ತಲ ಊರುಗಳ ಕುರಿ ದನ ಬದುಕಿದ್ದು ಅದರ ಮೇಲೆ. 2007ರಿಂದ ಈಚೆಗೆ ಚಳ್ಳಕೆರೆ ತಾಲ್ಲೂಕಿನ ಈ ಕಾವಲುಗಳಲ್ಲಿ ಹತ್ತಿರ ಹತ್ತಿರ 10,000 ಎಕರೆ ಡಿಆರ್‌ಡಿಒ, ಬಿಎಆರ್‌ಸಿ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹೋಯ್ತು. ಉಳ್ಳಾರ್ತಿ ಕಾವಲಿನ ನೆಲವೂ ಅದರಲ್ಲಿ ಸೇರಿದೆ. ಬೇಲಿ, ಗೋಡೆ ಬಂತು. ಊರಿನವರು ಪ್ರತಿಭಟಿಸಿದ್ರು, ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. ಇನ್ನೊಂದು ಕಡೆ, ಇಸ್ರೋದ ರೆಕ್ಕೆಯ ಮರುಬಳಕೆ ವಾಹನ 2023ರ ಏಪ್ರಿಲ್ 2ರಂದು ಹೆಲಿಕಾಪ್ಟರಿನಿಂದ ಬಿಟ್ಟಮೇಲೆ ತಾನಾಗಿಯೇ ಬಂದು ಇಳಿದದ್ದು ಇದೇ ಚಳ್ಳಕೆರೆ ಬಳಿಯ ಓಡುದಾರಿಯ ಮೇಲೆ. ಆ ದಿನ ನಾವೆಲ್ಲ ಸ್ಟೇಟಸ್ ಹಾಕಿದ್ವಿ.

ಉಳ್ಳಾರ್ತಿ ಬರೆದ ಹಾಡು ಇದರ ಬಗ್ಗೆ. ಬೇಲಿಯ ಈಚೆ ಅವನ ತಾತನ ಕುರಿ, ಬೇಲಿಯ ಆಚೆ ಅವನು ಸೇರಬೇಕು ಅಂತ ಕನಸು ಕಾಣ್ತಿರೋ ಕೆಲಸ. ಅರ್ಧ ಹಾಡು ತಾತನ ಬಾಯಲ್ಲಿ, ಅರ್ಧ ಮೊಮ್ಮಗನ ಬಾಯಲ್ಲಿ. ಈ ಕಟ್ಟು ಎಲ್ಲಿಂದ ಬಂತು ಅಂತ ಕೇಳಿದ್ವಿ. ಮೇಡನ್‌ನ 1982ರ 'ರನ್ ಟು ದ ಹಿಲ್ಸ್' ಅಂದ. ಅಮೆರಿಕದ ಮೂಲನಿವಾಸಿಗಳ ನೆಲಕ್ಕೆ ಬಿಳಿಯರು ನುಗ್ಗಿದ ಕಥೆ ಅದು. ಒಮ್ಮೆ ನೆಲ ಕಳಕೊಂಡವರ ಕಡೆಯಿಂದ, ಒಮ್ಮೆ ಬಂದವರ ಕಡೆಯಿಂದ ಹೇಳುತ್ತೆ. ಅವನು ಅವರಿಂದ ಕಲಿತದ್ದು ಹಾಡು ಕಟ್ಟೋ ಬಗೆ. ಹಾಡಿದ್ದು ತನ್ನ ನೆಲದ್ದು. ಆ ಹಾಡನ್ನ ಲಂಡನ್ನಿನವರು ಬರೆಯೋಕಾಗಲ್ಲ, ಬೆಂಗಳೂರಿನವರಿಗೂ ಆಗಲ್ಲ. ನಮ್ಮ ಕ್ಯಾಂಪಸ್ಸಿನಲ್ಲಿ ಅದನ್ನ ಬರೆಯಬಲ್ಲವನು ಒಬ್ಬನೇ ಇದ್ದ, ಅವನಿಗೆ ಅರ್ಜಿಯಲ್ಲಿ ಕಾಲಂ ಇರಲಿಲ್ಲ.

ಅರಮನೆ ಮೈದಾನದಿಂದ ಗ್ಲಾಸ್ಟನ್‌ಬರಿಗೆ

"ಕನ್ನಡದಲ್ಲಿ ರಾಕ್ ಯಾರು ಕೇಳ್ತಾರೆ?" ಅನ್ನೋರಿಗೆ ಒಂದು ಮೈದಾನದ ಕಥೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ 'ಕನ್ನಡವೇ ಸತ್ಯ' ಕಾರ್ಯಕ್ರಮ ಮಾಡಿದ್ರು. ಸಿನಿಮಾ ಹಾಡಲ್ಲ, ಬರೀ ಕವಿತೆ. ಮೈದಾನ ತುಂಬಿ ತುಳುಕಿತು. 2007ರ ಮಾರ್ಚ್ 17ರಂದು ಅದೇ ಮೈದಾನದಲ್ಲಿ ಐರನ್ ಮೇಡನ್, ಭಾರತದಲ್ಲಿ ಮೊದಲ ಸಲ. ಆಗಲೂ ತುಂಬಿತು. ಆಗ ನಮಗೆ ಎರಡೋ ಮೂರೋ ವರ್ಷ, ಎರಡನ್ನೂ ನೋಡಿದ ಭಾಗ್ಯ ನಮ್ಮದಲ್ಲ. ಆದ್ರೆ ಎರಡಕ್ಕೂ ಕುಣಿದ ಊರು ಒಂದೇ ಅನ್ನೋದಂತೂ ನಿಜ.

ಎರಡನ್ನೂ ಸೇರಿಸಿದವರೂ ಇದ್ದಾರೆ. ಮೈಸೂರಿನ ರಘು ದೀಕ್ಷಿತ್ ಮೈಕ್ರೋಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. 2008ರ ಅವರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಗಳು ಗಿಟಾರ್, ಡ್ರಮ್ಸ್ ಜೊತೆ ಬಂದವು. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದ ಹಾಡೋ ಈ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೆ ಹೋಯ್ತು, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡ್ತು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ. ಅವರ ತಮ್ಮ ವಾಸು ದೀಕ್ಷಿತರ ಸ್ವರಾತ್ಮ ಬ್ಯಾಂಡ್ 2009ರಲ್ಲಿ ಬ್ರಿಟಿಷ್ ಕೌನ್ಸಿಲ್ ಯೋಜನೆಯಡಿ ಬ್ರಿಟನ್ ಪ್ರವಾಸ ಮಾಡಿತು. ಆಗ ಅವರ ಹಾಡು ರೆಕಾರ್ಡ್ ಮಾಡಿಸಿದವರು ರೇಡಿಯೋಹೆಡ್ ಜೊತೆ ಕೆಲಸ ಮಾಡಿದ್ದ ಜಾನ್ ಲೆಕಿ.

ಬ್ರಿಟನ್ನಿನ ಜನ ಇವರನ್ನ ಕರೆದದ್ದು ಬ್ರಿಟಿಷ್ ಹಾಡನ್ನ ಚೆನ್ನಾಗಿ ಕವರ್ ಮಾಡ್ತಾರೆ ಅಂತಲ್ಲ. ಅದಕ್ಕೆ ಅವರಲ್ಲೇ ಬೇಕಾದಷ್ಟು ಜನ ಇದ್ದಾರೆ.

ನಮಗೆ ಬಂದ ಆಕ್ಷೇಪಗಳು

ಈ ಲೇಖನದ ಕರಡು ಓದಿದ ಗೆಳೆಯರು ಎರಡು ಮಾತು ಹೇಳಿದ್ರು. ಎರಡರಲ್ಲೂ ಸ್ವಲ್ಪ ಸತ್ಯ ಇದೆ.

ಮೊದಲನೆಯದು: "ಕನ್ನಡ ರಾಕ್‌ಗೆ ಹೊಂದಲ್ಲ, ಮಗಾ. ಪದಗಳು ಉದ್ದ, ಎಲ್ಲಾ ಸ್ವರದಲ್ಲಿ ಮುಗಿಯುತ್ತೆ, ಬೀಟ್ ಮೇಲೆ ಗುದ್ದು ಸಿಗಲ್ಲ." ಗ್ರಂಥದ ಕನ್ನಡಕ್ಕೆ ಈ ಮಾತು ನಿಜ. "ನಾನು ಹೋಗಬೇಕಾಗಿದೆ" ಅಂತ ಹಾಡಿದ್ರೆ ಗಿಟಾರ್ ಕೂಡ ನಿದ್ದೆ ಮಾಡುತ್ತೆ. ಆದ್ರೆ ನಾವು ಮಾತಾಡೋದು ಹಾಗಾ? "ಹೋಗ್ಬೇಕ್", "ಬಿಟ್ಬಿಡ್", "ಏನ್ಲಾ" — ಆಡುಮಾತಿನಲ್ಲಿ ಸ್ವರ ಉದುರಿ ಒತ್ತು ಬರುತ್ತೆ, ಬೀಟ್ ಮೇಲೆ ಸರಿಯಾಗಿ ಗುದ್ದುತ್ತೆ. ಉಳ್ಳಾರ್ತಿ ಬರೆದದ್ದು ಅವನ ಊರಿನ ಮಾತಿನಲ್ಲೇ. ಹಾಡು ನಿಂತದ್ದು ಅದಕ್ಕೇ.

ಎರಡನೆಯದು: "ಅರ್ಧ ಕ್ಯಾಂಪಸ್ಸಿಗೆ ಕನ್ನಡ ಬರಲ್ಲ, ಜಡ್ಜ್‌ಗೂ ಬರಲ್ಲ. ಅನ್ಯಾಯ ಆಗಲ್ವಾ?" ಆಗಬಾರದು. ಅದಕ್ಕೇ ನಾವು "ಕನ್ನಡ ಕಡ್ಡಾಯ ಮಾಡಿ" ಅಂತ ಕೇಳ್ತಿಲ್ಲ. ಬಿಹಾರದಿಂದ ಬಂದವನು ಭೋಜ್‌ಪುರಿಯಲ್ಲಿ ಹಾಡಲಿ, ಮಂಗಳೂರಿನವಳು ತುಳುವಿನಲ್ಲಿ ಹಾಡಲಿ. ಚಳ್ಳಕೆರೆ ಕಡೆ ತೆಲುಗೂ ಓಡಾಡುತ್ತೆ, ಅದರಲ್ಲೂ ಹಾಡಲಿ. ನಾವು ಕೇಳೋದು, ಹಾಡು ಅವರದ್ದೇ ಆಗಿರಲಿ ಅಂತ. ಅರ್ಥ ಗೊತ್ತಾಗಲಿ ಅಂದ್ರೆ ಸಾಹಿತ್ಯ, ಅದರ ಸಾರಾಂಶ ಒಂದು ಹಾಳೆಯಲ್ಲಿ ಜಡ್ಜ್‌ಗೆ ಕೊಟ್ಟರಾಯ್ತು. ಹಾಗೆ ನೋಡಿದ್ರೆ, ಕಳೆದ ವರ್ಷ ಹಾಡಿದ ಇಂಗ್ಲಿಷ್ ಮೆಟಲ್ ಹಾಡಿನ ಸಾಹಿತ್ಯ ನಮ್ಮಲ್ಲಿ ಎಷ್ಟು ಜನಕ್ಕೆ ಅರ್ಥ ಆಗಿತ್ತು? ಆದ್ರೂ ತಲೆ ಅಲ್ಲಾಡಿಸಿದ್ವಲ್ಲ!

ಈಗ ನಮ್ಮ ತಪ್ಪು

ಫೆಸ್ಟ್‌ನಲ್ಲಿ ಜಾಗ ಸಿಗದ ಮೇಲೆ ಉಳ್ಳಾರ್ತಿ ನಮ್ಮ ಹತ್ತಿರ ಬಂದಿದ್ದ. ರಾಜ್ಯೋತ್ಸವದಲ್ಲಿ ಹತ್ತು ನಿಮಿಷ ಕೊಡಿ ಅಂದ. ಸಂಘದ ಸಭೆಯಲ್ಲಿ ಚರ್ಚೆ ಆಯ್ತು. "ಡಿಸ್ಟಾರ್ಷನ್ ಗಿಟಾರ್, ಕಪ್ಪು ಟೀ ಶರ್ಟ್, ಇದು ನಮ್ಮ ಸಂಸ್ಕೃತಿ ಅಲ್ಲ. ಅತಿಥಿಗಳು ಏನಂದುಕೊಳ್ತಾರೆ?" ಅಂತ ಒಬ್ಬರು ಅಂದ್ರು, ಉಳಿದವರು ತಲೆಯಾಡಿಸಿದ್ವಿ. ಆ ಹತ್ತು ನಿಮಿಷ ಸಿನಿಮಾ ಹಾಡಿನ ಟ್ರ್ಯಾಕಿಗೆ ಹೋಯ್ತು. ಕಮಿಟಿ ಅವನಿಗೆ "ನೀನು ಸಾಕಷ್ಟು ರಾಕ್ ಅಲ್ಲ" ಅಂತು. ನಾವು "ನೀನು ಸಾಕಷ್ಟು ಕನ್ನಡ ಅಲ್ಲ" ಅಂದ್ವಿ. ಜುಂಜಪ್ಪನ ಸೀಮೆಯ ಹುಡುಗನಿಗೆ ಕನ್ನಡ ಸಂಸ್ಕೃತಿಯ ಪಾಠ ಹೇಳಿದ್ವಿ! ನೆನೆದ್ರೆ ನಾಚಿಕೆ ಆಗುತ್ತೆ.

ಲಂಡನ್ನಿನಲ್ಲಿ ಸ್ಮೈಲರ್‌ನವರು ಹ್ಯಾರಿಸ್‌ಗೆ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಅವನು ಬೇರೆ ಬ್ಯಾಂಡ್ ಕಟ್ಟಿದ. ಎಲ್ಲರಿಗೂ ಆ ಹಟ ಇರಲ್ಲ. ಉಳ್ಳಾರ್ತಿ ಬೇಸ್ ಗಿಟಾರನ್ನ ಚೀಲಕ್ಕೆ ಹಾಕಿ ಮಂಚದ ಕೆಳಗಿಟ್ಟು ಪ್ಲೇಸ್‌ಮೆಂಟ್‌ಗೆ ಓದೋಕೆ ಕೂತಿದ್ದಾನೆ. ಇನ್ನು ಎರಡೇ ಸೆಮ್ ಇದೆ.

ಆದ್ದರಿಂದ ಫೆಸ್ಟ್ ಕಮಿಟಿಗೆ ನಮ್ಮ ಮನವಿ ಎರಡೇ. ಅರ್ಜಿಯಿಂದ ಭಾಷೆಯ ಕಾಲಂ ತೆಗೀರಿ. ಪ್ರತಿ ತಂಡ ಹಾಡೋ ಮೂರು ಹಾಡಿನಲ್ಲಿ ಒಂದಾದರೂ ಸ್ವಂತದ್ದಿರಲಿ, ಯಾವ ಭಾಷೆಯಾದರೂ ಸರಿ, ಯಾವ ವಾದ್ಯವಾದರೂ ಸರಿ.

ಕಮಿಟಿ ಒಪ್ಪುತ್ತೋ ಇಲ್ಲವೋ, ನಮ್ಮ ಕೈಯಲ್ಲಿರೋದನ್ನ ನಾವು ಮಾಡ್ತೀವಿ. ಈ ಸಲದ ರಾಜ್ಯೋತ್ಸವದಲ್ಲಿ ಸ್ವಂತ ಹಾಡಿನ ತಂಡಗಳಿಗೆ ಅರ್ಧ ಗಂಟೆ ಮೀಸಲು. ಕಳೆದ ವಾರದ ಸಭೆಯಲ್ಲಿ ಇದು ತೀರ್ಮಾನ ಆಗಿದೆ, ಕಪ್ಪು ಟೀ ಶರ್ಟಿಗೆ ಅಡ್ಡಿ ಇಲ್ಲ. ಮೊದಲ ಹತ್ತು ನಿಮಿಷ ಉಳ್ಳಾರ್ತಿಯ ತಂಡಕ್ಕೆ. ಅವನ ಕ್ಷಮೆ ಕೇಳಿ, ಒಪ್ಪಿಸಿದ್ದೀವಿ. ಉರುಮೆ ತಾತನಿಗೂ ಹೇಳಿ ಕಳಿಸಿದ್ದೀವಿ; ಬಿತ್ತನೆ ಕೆಲಸ ಮುಗಿದಿದ್ರೆ ಬರ್ತೀನಿ ಅಂದಿದ್ದಾರೆ.

ನಿಮ್ಮ ಹತ್ತಿರವೂ ಒಂದು ಹಾಡಿದ್ದರೆ, ಅರ್ಧ ಬರೆದು ಮುಚ್ಚಿಟ್ಟದ್ದಾದರೂ ಸರಿ, ಸಂಘದ ಕೋಣೆಗೆ ತನ್ನಿ. ಸಂಜೆ ಐದರ ಮೇಲೆ ಬಾಗಿಲು ತೆಗೆದೇ ಇರುತ್ತೆ.